ಪರದೇಶದ ಬಸ್ಸಿಗೆ ರೈಟ್ ಹೇಳಿದ್ದು

ಡಿಪೋದಲ್ಲಿ ಅವನನ್ನು ಎಲ್ಲರೂ ಹೋಲ್ಡಾನ್ ಎಂದೇ ಕರೆಯುತ್ತಿದ್ದರು. ಸಿಟಿ ಬಸ್ಸಿನ ಕಂಡಕ್ಟರು. ಹಿಂದಿನ ಬಾಗಿಲಲ್ಲಿ ನಿಂತು ಅವನು "ಹೋಲ್ಡಾನ್!" ಎಂದರೆ ಡ್ರೈವರು ಬ್ರೇಕ್ ಹಾಕುವುದು ಹಾಗಿರಲಿ, ಪಕ್ಕದಲ್ಲಿ ಹೋಗುತ್ತಿದ್ದ ಸ್ಕೂಟರಿನವರೂ ಒಂದು ಕಾಲು ನೆಲಕ್ಕೆ ಊರುತ್ತಿದ್ದರು. ಕೆಲಸವನ್ನು ಡಿಪೋದಲ್ಲೇ ಬಿಟ್ಟು ಬರುವ ಆಸಾಮಿಯೂ ಅಲ್ಲ. ಪೇಪರಿನ ಹಾಳೆ ತಿರುಗಿಸುವಾಗಲೂ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದ. ಮದುವೆ ಮನೆಯಲ್ಲಿ ಊಟದ ಹಜಾರದ ಬಾಗಿಲಲ್ಲಿ ಜನ ನೆರೆದರೆ, "ಒಳಗೆ ನಡೀರಿ, ಒಳಗೆ ಅಷ್ಟೂ ಖಾಲಿ ಇದೆ" ಎಂದು ಗದರುವವನು ಇವನೇ. ನೆಂಟರು ಬಿದ್ದು ಬಿದ್ದು ನಗುತ್ತಿದ್ದರು. ನಗದೆ ಇದ್ದವಳು ಮಗಳು ಒಬ್ಬಳೇ. ಹೈಸ್ಕೂಲು ಸೇರಿದ ಮೇಲಂತೂ ಅಪ್ಪನ ಬಸ್ಸು ಬಂದರೆ ಹತ್ತದೆ ಮುಂದಿನದಕ್ಕೆ ಕಾಯುತ್ತಿದ್ದಳು.

ವಿದೇಶ ಪ್ರವಾಸ ಹೆಂಡತಿಯ ಹಟ. ಹೊಲಿಗೆ ಮೆಷಿನ್ ತುಳಿದೂ ತುಳಿದೂ ಕೂಡಿಟ್ಟವಳು ಅವಳು. "ಒಂದ್ಸಲವಾದ್ರೂ ವಿಮಾನ ಹತ್ಬೇಕು ಕಣ್ರೀ. ಈ ಬಸ್ಸಿನ ವಾಸನೆ ಸಾಕಾಗಿದೆ ನಂಗೆ" ಎಂದಳು. ಕರೆದುಕೊಂಡು ಹೋಗಿ ಕರೆದುಕೊಂಡು ಬರುವ ಗ್ರೂಪ್ ಟೂರಿಗೆ ದುಡ್ಡು ಕಟ್ಟಿಯೇಬಿಟ್ಟಳು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮಗಳು ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಅಪ್ಪಾ, ಯಾರ ಹತ್ರಾನೂ ಕಂಡಕ್ಟರ್ ಅಂತ ಹೇಳ್ಬೇಡ. ಆ ಥರ ಕೂಗೋದು, ತಟ್ಟೋದು ಏನೂ ಬೇಡ. ಪ್ಲೀಸ್."

ಅವನಿಗೆ ಚುರುಕ್ ಎಂದಿತು. ಆದರೂ "ಆಯ್ತಮ್ಮ, ಆಣೆಗೂ ಇಲ್ಲ" ಎಂದ. ಬಾಯಿಬಡುಕನಾದ ಚಿಕ್ಕ ಮಗನಿಗೆ ಚಾಕೊಲೇಟಿನ ಲಂಚವನ್ನೂ ಕೊಟ್ಟಾಯಿತು.

ವಿಮಾನದಿಂದ ಇಳಿದರೆ ಎದುರಿಗೆ ಏನು ನಿಂತಿದೆ? ಬಸ್ಸು. ಪ್ರವಾಸ ಮುಗಿಯುವವರೆಗೂ ಅದೇ ಬಸ್ಸು. ಹೆಂಡತಿ ಗಂಡನ ಮುಖವನ್ನೇ ನೋಡಲಿಲ್ಲ.

ಗುಂಪಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದ. ಅವನ ಮಗಳಿಗೂ ಹೋಲ್ಡಾನನ ಮಗಳಿಗೂ ಮೊದಲ ದಿನವೇ ಗಳಸ್ಯ ಕಂಠಸ್ಯ. "ನಿಮ್ಮಪ್ಪ ಏನ್ಮಾಡ್ತಾರೆ?" ಎಂದು ಆ ಹುಡುಗಿ ಕೇಳಿದಾಗ ಇವಳು "ಸಾರಿಗೆ ಇಲಾಖೆ" ಎಂದಷ್ಟೇ ಹೇಳಿದಳು. ಮಿಕ್ಕಿದ್ದನ್ನು ಡಾಕ್ಟರೇ ಸೇರಿಸಿಕೊಂಡು ಹೋಲ್ಡಾನನನ್ನು ಆಫೀಸರ್ ಮಾಡಿಬಿಟ್ಟ.

"ಸಾಹೇಬ್ರೇ, ನಮ್ಮ ಬಡಾವಣೆಗೆ ಬಸ್ ಯಾವಾಗ ಬಿಡ್ತೀರಿ?"

"ಪರಿಶೀಲನೆಯಲ್ಲಿದೆ" ಎಂದ ಹೋಲ್ಡಾನ್, ಗಂಭೀರವಾಗಿ.

ಆಫೀಸರಾಗಿರುವುದು ಸುಲಭವಾಗಿರಲಿಲ್ಲ. ಮ್ಯೂಸಿಯಮ್ಮಿನಲ್ಲಿ ಜನವೆಲ್ಲ ಒಂದೇ ಚಿತ್ರದ ಮುಂದೆ ಜೋತುಬಿದ್ದಿದ್ದಾಗ "ಮುಂದೆ ನಡೀರಿ" ಎಂಬುದು ಗಂಟಲಿನವರೆಗೂ ಬಂತು; ಕೆಮ್ಮಿ ನುಂಗಿಕೊಂಡ. ಗೈಡ್ ಹುಡುಗಿ ಟಿಕೆಟ್ ಹಂಚಲಾಗದೆ ಒದ್ದಾಡುವಾಗ ಕೈಗಳನ್ನು ಜೇಬಿಗೆ ತುರುಕಿಕೊಂಡ. ಎಲ್ಲಕ್ಕಿಂತ ಅವನ ಹೊಟ್ಟೆ ಉರಿದದ್ದು ಬಸ್ಸು ಹೊರಡುವಾಗ. ಆ ಹುಡುಗಿ ಡ್ರೈವರನ ಕಡೆ ನೋಡಿ ಮುಗುಳ್ನಗುತ್ತಿದ್ದಳು, ಬಸ್ಸು ಹೊರಡುತ್ತಿತ್ತು. ಇದೂ ಒಂದು ಕ್ರಮವೇ? ಒಂದು ಸೀಟಿ ಇಲ್ಲ, ಒಂದು ರೈಟ್ ಇಲ್ಲ. ಆದರೂ ಮಾತು ಕೊಟ್ಟಾಗಿತ್ತು, ಸುಮ್ಮನಿದ್ದ. ಮಗಳು ಆಗಾಗ ಹಿಂತಿರುಗಿ ನೋಡಿ ನಗುತ್ತಿದ್ದಳು. ಅಷ್ಟು ನಗು ಅವಳಿಂದ ಸಿಕ್ಕಿ ಎಷ್ಟೋ ಕಾಲವಾಗಿತ್ತು. ಅದಕ್ಕಾಗಿ ಜೀವಮಾನವಿಡೀ ಆಫೀಸರಾಗಿರಲೂ ಅವನು ತಯಾರಿದ್ದ.

ಹೆದ್ದಾರಿ ಪಕ್ಕದ ಒಂದು ಕಾಫಿ ಅಂಗಡಿಯ ಹತ್ತಿರ ಎಲ್ಲ ಎಡವಟ್ಟಾಯಿತು. ಜನ ಹತ್ತಿ ಕೂತಿದ್ದರು. ಗೈಡ್ ಹುಡುಗಿ ಫೋನಿನಲ್ಲಿ ಊಟದ ಜಾಗದವರ ಜೊತೆ ಜಗಳದಲ್ಲಿದ್ದಳು. "ಲೇಟಾಯ್ತು, ಲೇಟಾಯ್ತು" ಎಂದು ಡಾಕ್ಟರು ಗೊಣಗುತ್ತಿದ್ದ. ಹೋಲ್ಡಾನ್ ಕೊನೆಯಲ್ಲಿ ಮೆಟ್ಟಿಲು ಹತ್ತಿದ. ಕೈಗೆ ಬಸ್ಸಿನ ತಗಡು ತಣ್ಣಗೆ ತಾಗಿತು. ಆಮೇಲೆ ನಡೆದದ್ದಕ್ಕೆ ಅವನು ಜವಾಬ್ದಾರನಲ್ಲ, ಜವಾಬ್ದಾರಿ ಕೈಯದು. ಅದು ತಾನಾಗಿ ಎದ್ದು ತಗಡಿನ ಮೇಲೆ ದಬ ದಬ ಎಂದು ಎರಡು ಬಾರಿಸಿತು.

"ರೈಟ್, ರೈಟ್!"

ಡ್ರೈವರಿಗೆ ಇವನ ಭಾಷೆ ಬರುತ್ತಿರಲಿಲ್ಲ. ಆದರೆ ಡ್ರೈವರು ಯಾವ ದೇಶದವನಾದರೇನು? ಗೇರು ಬಿತ್ತು, ಬಸ್ಸು ಹೊರಟಿತು.

ಡಾಕ್ಟರನ ಬಾಯಿ, ಅವನ ಪೇಷಂಟುಗಳ ಬಾಯಿಯಂತೆ, ತೆರೆದೇ ಇತ್ತು. ಹೋಲ್ಡಾನ್ ನಾಲಿಗೆ ಕಚ್ಚಿಕೊಂಡ. ಮಾನ ಹೋಯಿತೆಂದು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಹೆಂಡತಿಯ ಕೂಗು.

"ಅಯ್ಯೋ, ಮಗಳೆಲ್ರೀ?"

ಮಗಳು ಬಾತ್‌ರೂಮಿಗೆ ಹೋಗಿದ್ದವಳು ಬಂದಿರಲೇ ಇಲ್ಲ.

ಬಸ್ಸು ಆವರಣದ ಗೇಟಿನ ಹತ್ತಿರ ತಿರುಗುತ್ತಿತ್ತು. ಅಷ್ಟರಲ್ಲಿ ಹೊರಗೆ, ಬಸ್ಸಿನ ಹಿಂದಿನಿಂದ, ಒಂದು ಸೀಟಿ ಕೇಳಿಸಿತು. ಒಂದೇ, ಉದ್ದಕ್ಕೆ, ಎರಡು ಬೆರಳು ಬಾಯಿಗಿಟ್ಟು ಹೊಡೆದದ್ದು. ಮಗಳು ಚಿಕ್ಕವಳಿದ್ದಾಗ, ಅವಳಿಗಿನ್ನೂ ನಾಚಿಕೆ ಗೊತ್ತಿಲ್ಲದಿದ್ದಾಗ, ತೊಡೆಯ ಮೇಲೆ ಕೂರಿಸಿಕೊಂಡು ಅವನೇ ಕಲಿಸಿದ್ದ ಸೀಟಿ ಅದು. ಒಂದಕ್ಕೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.

"ಹೋಲ್ಡಾನ್!"

ಇಷ್ಟು ದಿನ ಅದುಮಿಟ್ಟಿದ್ದ ಗಂಟಲು ಪೂರ್ತಿ ಬಿಚ್ಚಿಕೊಂಡಿತು. ಬಸ್ಸು ನಿಂತ ರಭಸಕ್ಕೆ ಡಾಕ್ಟರನ ಕನ್ನಡಕ ಮೂಗಿನ ತುದಿಗೆ ಬಂತು.

ಮಗಳು ಏದುಸಿರು ಬಿಡುತ್ತಾ ಹತ್ತಿದಳು. ಮುಗಿಯಿತು, ಇನ್ನು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದುಕೊಂಡ ಅಪ್ಪ.

"ತಪ್ಪಾಯ್ತಮ್ಮ, ಕೈ ತಡೀಲಿಲ್ಲ..."

"ಎಷ್ಟು ವರ್ಷ ಸರ್ವೀಸಪ್ಪಾ ನಿಂದು?" ಅವಳ ದನಿ ಕೊನೆಯ ಸೀಟಿಗೂ ಕೇಳಿತು. "ಪ್ಯಾಸೆಂಜರ್ ಹತ್ತಿದ್ರೋ ಇಲ್ವೋ ನೋಡ್ದೆ ಯಾರಾದ್ರೂ ರೈಟ್ ಹೇಳ್ತಾರಾ?"

ಡಾಕ್ಟರು ಕನ್ನಡಕ ಸರಿಮಾಡಿಕೊಂಡ. "ಅಂದ್ರೆ... ಸಾಹೇಬ್ರು..."

"ಸಾಹೇಬ್ರಲ್ಲ ಅಂಕಲ್, ಕಂಡಕ್ಟರ್. ಸ್ವಲ್ಪ ಕಾಲು ತೆಗೀರಿ, ಒಳಗೆ ಹೋಗ್ಬೇಕು."

ಹೋಗಿ ಗೆಳತಿಯ ಪಕ್ಕದಲ್ಲಿ ದೊಪ್ಪನೆ ಕೂತಳು. ಆ ಹುಡುಗಿ ಆಗಲೇ ಬಾಯಿಗೆ ಬೆರಳಿಟ್ಟು ಊದುತ್ತಿದ್ದಳು, ಬರೀ ಗಾಳಿ ಬರುತ್ತಿತ್ತು. ಬಸ್ಸು ಮಾತ್ರ ಹೊರಡಲಿಲ್ಲ. ಗೈಡ್ ಹುಡುಗಿ ಮುಗುಳ್ನಕ್ಕಳು, ಇನ್ನೊಂದು ಸಲ ಮುಗುಳ್ನಕ್ಕಳು. ಡ್ರೈವರು ಅವಳ ಕಡೆ ನೋಡಲೇ ಇಲ್ಲ. ಕನ್ನಡಿಯಲ್ಲಿ ಹೋಲ್ಡಾನನನ್ನೇ ನೋಡುತ್ತಿದ್ದ.

ಹೋಲ್ಡಾನ್ ಮಗಳನ್ನು ನೋಡಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು.

"ಏನ್ ನೋಡ್ತೀಯಾ? ನಾನೇ ಲಾಸ್ಟು. ಹೇಳು."

ಅವನು ಮೊದಲ ಸೀಟಿನಿಂದ ಕೊನೆಯ ಸೀಟಿನವರೆಗೂ ಒಮ್ಮೆ ಕಣ್ಣಾಡಿಸಿದ. ಆಮೇಲೆ ತಗಡಿನ ಮೇಲೆ ಎರಡು ಬಾರಿಸಿದ.