ಯಾರ ವಾಡೆ?

ನಿನ್ನೆ ಹುಣಸೆಹಣ್ಣಿನ ಡಬ್ಬಿ ತೆರೆದೆ. ಆ ಹುಳಿವಾಸನೆ ನನ್ನನ್ನು ಉಮದಿಯ ವಾಡೆಯೊಳಗೆ ತಂದು ನಿಲ್ಲಿಸಿತು. ತೊಂಬತ್ತರ ದಶಕದಲ್ಲಿ ಆ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಅದರ ಹೆಬ್ಬಾಗಿಲ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಾಗಿಲು ನೀಲಿಯಾಗಿತ್ತು. ಅಥವಾ ನೀಲಿಯಾಗಿದ್ದದ್ದು ನನ್ನ ಟ್ರಂಕು. ನನ್ನ ನೆನಪನ್ನು ನೀವೂ ಹೆಚ್ಚು ನಂಬಬೇಡಿ.

ವಾಡೆ ಅರ್ಧ ಮನೆ, ಅರ್ಧ ಕೋಟೆ. ಬಂದೂಕಿಗೆಂದು ಗೋಡೆಯಲ್ಲಿ ಬಿಟ್ಟಿದ್ದ ಕಂಡಿಗಳಿಂದ ಆಗ ಹುಣಸೆಯ ಮೂಟೆಗಳಿಗೆ ಗಾಳಿ. ಮೂಟೆಗಳೂ ವಾಡೆಯೂ ವ್ಯಾಪಾರಿ ರಾಜೇಸಾಬರವು. ದೇಶಮುಖರಿಂದ ಕೊಂಡು ಎಷ್ಟೋ ವರ್ಷವಾಗಿದ್ದರೂ ಊರಿನ ಬಾಯಲ್ಲಿ ಅದು ದೇಶಮುಖರ ವಾಡೆಯೇ.

"ಸೋರೂ ಮಾಳಗಿ ನಂದು, ಹೆಸರ ಅವರ್ದೇನ್ರಿ ಮಾಸ್ತರ?" ಎಂದು ರಾಜೇಸಾಬರು ಮೂಟೆಗೊಂದು ಒದೆ ಕೊಡುತ್ತಿದ್ದರು.

ಮಗಳ ಮದುವೆಯ ಪತ್ರಿಕೆಯಲ್ಲಿ ಹಟದಿಂದ 'ರಾಜೇಸಾಬರ ವಾಡೆ' ಎಂದೇ ಅಚ್ಚು ಹಾಕಿಸಿದರು. ವಿಜಾಪುರದಿಂದ ಬಂದ ವರನ ಕಡೆಯವರು ಊರೆಲ್ಲ ವಿಚಾರಿಸಿದರೂ ಅಂಥ ವಾಡೆ ಯಾರಿಗೂ ಗೊತ್ತಿಲ್ಲ. ಬಿರ್ಯಾನಿ ಆರಿತು. ಕೊನೆಗೆ ಪಕ್ಕದ ಮನೆಯ ಮುದುಕಿ ಗಂಗವ್ವ ದಿಬ್ಬಣವನ್ನು ಕರೆತಂದಳು.

"ದೇಶಮುಖರ ವಾಡೆ ಅಂತ ಬರಸಾಕ ಏನ್ ಧಾಡಿ ಬಂದಿತ್ತೋ ರಾಜ್ಯಾ?" ಎಂದು ಎಲ್ಲರೆದುರೇ ಗದರಿದಳು. "ನಾ ಲಗ್ನಾಗಿ ಬಂದಾಗ ದೇಶಮುಖರು ಒಳಗ ಇದ್ರು, ಮಂದಿ ನಾಯಕರ ವಾಡೆ ಅಂತಿದ್ರು. ಅವರೇನ್ ಅತ್ರೇನು?"

"ನಾಯಕರು ಅಂದ್ರ ಯಾರವ್ವಾ?" ಎಂದೆ ನಾನು.

"ಯಾರಿಗ್ಗೊತ್ತೋ ಯಪ್ಪಾ. ಅವರಕಿಂತ ಮೊದಲಿನವರು."

ನನಗೆ ಇತಿಹಾಸಕಾರನಾಗುವ ಹುಚ್ಚು ಹತ್ತಿತು. ನಾಯಕರ ಬಗ್ಗೆ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಒಬ್ಬರು ಅವರನ್ನು ಶೂರರೆಂದರು, ಇನ್ನೊಬ್ಬರು ದರೋಡೆಕೋರರೆಂದರು, ಮತ್ತೊಬ್ಬರು ನನ್ನನ್ನೇ ಯಾವ ಇಲಾಖೆಯವನೆಂದು ಕೇಳಿದರು. ಉತ್ತರ ಗಂಗವ್ವನ ಬೈಗುಳದಲ್ಲೇ ಇತ್ತು, ನನಗೆ ಕೇಳಿಸಿರಲಿಲ್ಲ.

ಆಮೇಲೆ ನನಗೆ ಜತ್ತಕ್ಕೆ ವರ್ಗವಾಯಿತು. ರಾಜೇಸಾಬರು ವಾಡೆಯನ್ನು ಬಟ್ಟೆ ವ್ಯಾಪಾರಿ ಮಲ್ಲಪ್ಪನಿಗೆ ಮಾರಿ ಸಣ್ಣ ಮನೆ ಸೇರಿದರೆಂಬ ಸುದ್ದಿ ಬಂದಾಗ, ಆ ಹೆಸರಿನ ಆಸೆಯೂ ಮುಗಿಯಿತಲ್ಲ ಎಂದು ಮರುಗಿದ್ದೆ.

ಡಬ್ಬಿಯ ವಾಸನೆ ಬಿಡಲಿಲ್ಲ. ಇಂದು ಬೆಳಿಗ್ಗೆ ಬಸ್ಸು ಹತ್ತಿದೆ. ಉಮದಿಯಲ್ಲಿ ಇಳಿದು ಚಹಾದಂಗಡಿಯವನನ್ನು ಕೇಳಿದೆ: "ದೇಶಮುಖರ ವಾಡೆ ಇನ್ನೂ ಐತೇನಪಾ?"

"ಅದ್ಯಾವುದ್ರಿ? ಇಲ್ಲಿರೋದು ರಾಜೇಸಾಬರ ವಾಡೆ ಒಂದಽ."

ಅರ್ಧ ಚಹಾ ಅಲ್ಲೇ ಬಿಟ್ಟು ಸುದ್ದಿ ಮುಟ್ಟಿಸಲು ರಾಜೇಸಾಬರ ಸಣ್ಣ ಮನೆಗೆ ಓಡಿದೆ. ದಾರಿಯಲ್ಲಿ ಕಂಡ ವಾಡೆಯ ಹೆಬ್ಬಾಗಿಲು ಹಸಿರಾಗಿತ್ತು. ನನ್ನ ನೀಲಿಯನ್ನು ಬಿಡಲು ಮನಸ್ಸಾಗಲಿಲ್ಲ.

ರಾಜೇಸಾಬರಿಗೆ ಎಲ್ಲ ಗೊತ್ತಿತ್ತು. "ಬರ್ರಿ, ಕುಂದ್ರಿ," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮಲ್ಲಪ್ಪಣ್ಣ ಬಾಗಲಾ ಮ್ಯಾಲ ಕಲ್ಲಾಗ ತನ್ನ ಹೆಸರ ಕೆತ್ತಸಾಕತ್ಯಾನ್ರಿ. ಪಾಪ! ಮೊದಲ ಮಾರಬೇಕಲ್ರಿ ಮಾಸ್ತರ."