ಎಮ್ಮೆಯ ಮುಂದೆ ಸೋಯಾ ಹಾಲು

ಶಹಾಪುರದ ಕಿರಾಣಿ ಅಂಗಡಿಯಲ್ಲಿ ತೆಂಗಿನಕಾಯಿ ಕೇಳಿದೆ. ಅಂಗಡಿಯವರು, "ಯಾ ದೇವರಿಗ್ರಿ?" ಎಂದರು. ದೇವರಿಗಲ್ಲ, ಅಡುಗೆಗೆ, ನಾಲ್ಕು ಕೊಡಿ ಎಂದೆ. "ಮನ್ಯಾಗ ಏನರ ಕಾರ್ಯಕ್ರಮ ಐತೇನ್ರಿ?" ದಿನವೂ ಕಾಯಿ ಅರೆಯುವ ನನ್ನ ಕುಂದಾಪುರದವರೇ, ನಾನು ಬಂದು ಬಿದ್ದ ಊರು ಎಂಥದ್ದು ಎಂದು ಇಷ್ಟರಲ್ಲೇ ನಿಮಗೆ ತಿಳಿದಿರಬೇಕು.

ಇಲ್ಲಿನ ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಕಲಿಸಲು ಬಂದಾಗ ನನ್ನ ಕಂಕುಳಲ್ಲಿ ಒಂದೂವರೆ ವರ್ಷದ ಮಗಳು ಇಂಚರ. ಗಂಡನ ಕೆಲಸ ಕುಂದಾಪುರದಲ್ಲೇ. ಹಾಲು ಕುಡಿದರೆ ಮಗುವಿನ ಹೊಟ್ಟೆ ಉಬ್ಬುತ್ತಿತ್ತು, ಭೇದಿಯಾಗುತ್ತಿತ್ತು, ತೂಕವಂತೂ ಏರುತ್ತಲೇ ಇರಲಿಲ್ಲ. ಯಾದಗಿರಿಯ ಮಕ್ಕಳ ಡಾಕ್ಟರು ನೋಡಿ, ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟಿಸಬೇಡಿ ಎಂದರು.

ಹಾಗಾದರೆ ಬದಲಿಗೆ ಏನು? ಕಾಯಿಹಾಲು ಎಂದು ನಾನು ಕರಾವಳಿಯ ಧೈರ್ಯದಲ್ಲಿ ಹೇಳಿದೆ. ಅದರಲ್ಲಿ ಕೊಬ್ಬಿದೆ, ಮಗು ಬೆಳೆಯುವಷ್ಟು ಪ್ರೋಟೀನ್ ಇಲ್ಲ ಎಂದರು. ಅಕ್ಕಿಯ ಹಾಲು ನಮ್ಮ ಗಂಜಿತಿಳಿಗೆ ದಾಯಾದಿ ಅಷ್ಟೇ. ಬಾದಾಮಿ ಹಾಲಿನ ಡಬ್ಬಿಯ ಹಿಂದೆ ಓದಿದರೆ, ಬಾದಾಮಿ ಇದ್ದದ್ದು ಹೆಚ್ಚಾಗಿ ಚಿತ್ರದಲ್ಲಿ. ಕೊನೆಗೆ ಸಕ್ಕರೆ ಹಾಕದ, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲೇ ಸರಿ ಎಂದು ಡಾಕ್ಟರೂ ನಾನೂ ಒಪ್ಪಿದೆವು. ಅದು ಶಹಾಪುರದಲ್ಲಿ ಸಿಗದೆ ಕಲಬುರಗಿಯಿಂದ ತರಿಸಿಕೊಂಡೆ. ಉಳಿದದ್ದಕ್ಕೆ ಈ ಸೀಮೆಯೇ ಕೈ ಹಿಡಿಯಿತು. ನಮ್ಮಲ್ಲಿ ಶೇಂಗಾ ಎಂದರೆ ಸಮುದ್ರದ ದಂಡೆಯಲ್ಲಿ ಬಾಯಾಡಿಸುವ ತಿಂಡಿ, ಇಲ್ಲಿ ಅದು ಅರ್ಧ ಅಡುಗೆ. ನುಣ್ಣಗೆ ಅರೆದ ಶೇಂಗಾ, ಎಳ್ಳು, ತೊಗರಿಬೇಳೆ ಕಟ್ಟಿನಲ್ಲಿ ನೆನೆಸಿದ ಜೋಳದ ರೊಟ್ಟಿ ಎಲ್ಲವನ್ನೂ ಇಂಚರ ಚಪ್ಪರಿಸಿ ತಿಂದಳು.

ಆದರೂ ಭೇದಿ ನಿಲ್ಲಲಿಲ್ಲ. ಸೋಯಾ ಹಾಲಿನ ಪ್ಯಾಕೆಟ್ಟನ್ನು ಬೈದೆ, ನೀರನ್ನು ಬೈದೆ, ಬಿಸಿಲನ್ನೂ ಬಿಡಲಿಲ್ಲ. ಮಗು ಹೀಗೇ ಸೊರಗಿದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬರುವುದಾಗಿ ಗಂಡನಿಗೆ ಹೇಳಿಬಿಟ್ಟೆ. ಎಷ್ಟೋ ವರ್ಷ ಓದಿ ಗಳಿಸಿದ ಕೆಲಸ ಅದು, ಹೇಳುವಾಗ ಅಳು ಬಂತು.

ನಾನು ಶಾಲೆಯಿಂದ ಬರುವವರೆಗೆ ಇಂಚರ ಇರುತ್ತಿದ್ದುದು ಮನೆಯೊಡತಿ ನೀಲವ್ವನ ಬಳಿ. ಅವರದು ಹೈನದ ಮನೆ, ಹಟ್ಟಿಯಲ್ಲಿ ಎರಡು ಎಮ್ಮೆ. ಒಂದು ಸಂಜೆ ಬೇಗ ಬಂದೆ. ನೀಲವ್ವ ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನೊರೆಹಾಲನ್ನು ಚಮಚದಲ್ಲಿ ಮಗುವಿನ ಬಾಯಿಗೆ ಹಿಡಿದಿದ್ದರು.

"ನೀಲವ್ವ, ಏನು ಮಾಡ್ತಿದ್ದೀರಿ!"

"ಒಂದ ಚಮಚೆ ಅಷ್ಟ ರೀ ಅಕ್ಕೋರ." ಇಲ್ಲಿ ಶಿಕ್ಷಕಿಯರೆಲ್ಲ ಅಕ್ಕೋರು. "ಕೂಸು ಹಿಂಡೂದು ನೋಡಾಕತ್ತಿತ್ತು. ನೋಡೋ ಕೂಸಿನ ಬಾಯಿಗಿ ಹಾಕಲಿಲ್ಲಂದ್ರ ಎಮ್ಮಿಗಿ ನದರ ತಾಕತೈತಿ, ಕೆಚ್ಚಲಿಗಿ ಬಾವು ಬರತೈತಿ."

"ದಿನಾ ಹಾಕ್ತೀರಾ?"

"ಹಾಕಬೇಕಲ್ರಿ. ನೀವು ಬ್ಯಾಡಂದಿದ್ದು ಆಕಳ ಹಾಲು. ಇದು ಎಮ್ಮಿದು."

ಹೌದು, ನಾನು ಹೇಳಿದ್ದು ದನದ ಹಾಲು, ಅಂದರೆ ಆಕಳದ್ದು, ಎಂದೇ. ನಮ್ಮ ಮನೆಯಲ್ಲಿ ಹಾಲೆಂದರೆ ಅದೊಂದೇ. ಆದರೆ ಆಗ ಅದೆಲ್ಲ ಹೊಳೆಯಬೇಕಲ್ಲ, ಬಾಯಿಗೆ ಬಂದಂತೆ ಕೂಗಾಡಿದೆ. ನೀಲವ್ವ ಚಮಚ ಕೆಳಗಿಟ್ಟು, "ನಾ ಏನ್ ಕೂಸಿಗಿ ವಿಷಾ ಹಾಕೇನೇನ್ರಿ?" ಎಂದು ಒಳಗೆ ಹೋದರು.

ಮರುದಿನ ಶಾಲೆಗೆ ರಜೆ. ಬೇರೆ ಮನೆ ಹುಡುಕಬಹುದಿತ್ತು. ಆದರೆ ಮಗಳು ಎದ್ದವಳೇ "ಅವ್ವಾ" ಎಂದು ಅವರ ಬಾಗಿಲು ಬಡಿಯುತ್ತಿದ್ದಳು. ನದರು, ಅಂದರೆ ದೃಷ್ಟಿ ತಾಕುವುದು, ಸುಳ್ಳು ಎಂದು ಪಾಠ ಮಾಡುವ ಚಪಲ ನನಗಿತ್ತು, ನುಂಗಿಕೊಂಡೆ. ಅದರ ಬದಲು ಕೇಳಿದೆ: "ನೀಲವ್ವ, ಎಮ್ಮೆಯ ಹಾಲೇ ಹಾಕಬೇಕೋ, ಮಗುವಿನ ಬಾಯಿ ಬರಿದಾಗಿರಬಾರದು ಅಷ್ಟೆಯೋ?"

ಅವರು ಮಗುವನ್ನು ಎತ್ತಿಕೊಂಡರು. "ಬಾಯಿ ಖಾಲಿ ಇರಬಾರದ್ರಿ. ಕೂಸಿನ ಆಸಿ ತೀರಬೇಕು, ಅಷ್ಟ."

ಅಂದು ಸಂಜೆ ಸೋಯಾ ಹಾಲನ್ನು ಬಟ್ಟಲಲ್ಲಿ ಹಾಕಿ ಅವರ ಕೈಗೇ ಕೊಟ್ಟೆ. ಇಂಚರ ಗಟಗಟ ಕುಡಿದು ಬಿಳಿ ಮೀಸೆ ಮಾಡಿಕೊಂಡಳು. ನೀಲವ್ವ ಅವಳನ್ನು ಎಮ್ಮೆಯ ಮುಂದೆ ಎತ್ತಿ ಹಿಡಿದು, "ನೋಡು, ಕೂಸು ಕುಡೀತು. ಇನ್ನ ತೊರಿ ಬಿಡು ನಮ್ಮವ್ವ" ಎಂದರು. ಎಮ್ಮೆ ತಕರಾರಿಲ್ಲದೆ ಹಾಲು ಬಿಟ್ಟಿತು.

ಅಂದಿನಿಂದ ನೀಲವ್ವ ಡಾಕ್ಟರಿಗಿಂತ ಕಟ್ಟುನಿಟ್ಟು. ಓಣಿಯ ಹೆಂಗಸರು ಮುದ್ದಿಗೆಂದು ಪೇಡೆ ತಂದರೆ, "ಹಾಲಿಂದು ಏನೂ ಮುಟ್ಟಿಸಬ್ಯಾಡ್ರಿ. ಎಮ್ಮಿದೂ ಹಾಲ ಐತಿ!" ಎಂದು ನನಗೇ ಪಾಠ ಹೇಳಿದಂತೆ ಗದರುತ್ತಾರೆ. ಮಗುವಿನ ಹೊಟ್ಟೆ ತಹಬಂದಿಗೆ ಬಂತು, ಕೆನ್ನೆ ತುಂಬಿತು. ರಾಜೀನಾಮೆಯ ಮಾತು ನಾನು ಮತ್ತೆ ಎತ್ತಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಬಂದೆ. ಉಪ್ಪುಗಾಳಿ ಮುಖಕ್ಕೆ ಬಡಿದಾಗ ಎಷ್ಟು ಹಿತವಾಯಿತು ಎಂದರೆ, ಬಸ್ಸಿನಲ್ಲೇ ನಕ್ಕೆ. ಮೊದಲ ಮಧ್ಯಾಹ್ನವೇ ಅಮ್ಮ ಮೊಮ್ಮಗಳ ಗಂಜಿಗೆ ತುಪ್ಪ ಬಿಡುತ್ತಿದ್ದುದು ಕಂಡಿತು. ಬೇಡವೆಂದು ಫೋನಿನಲ್ಲಿ ಎಷ್ಟು ಸಲ ಹೇಳಿದ್ದೆ! "ಒಂದ್ ಚಮ್ಚ ತುಪ್ಪಕ್ಕೆ ಎಂತ ಆತ್ತ್ ಹೆಣೆ?" ಎಂದರು ಅಮ್ಮ. ಹೆತ್ತವಳ ಕೈಯಿಂದ ಬಟ್ಟಲು ಕಿತ್ತುಕೊಂಡೆ. ಅವರ ಮುಖ ಸಣ್ಣದಾಯಿತು.

ನನ್ನದೇ ಮನೆ, ನನ್ನದೇ ಭಾಷೆ, ನಾನು ಹುಟ್ಟಿದ ಕೋಣೆ. ಆದರೂ ರಜೆ ಮುಗಿಯುವವರೆಗೆ ಆ ಅಡುಗೆಮನೆಯ ಬಾಗಿಲಲ್ಲೇ ಕಾವಲು ನಿಂತೆ. ಶಹಾಪುರಕ್ಕೆ ಬಂದಿಳಿದ ದಿನ ಮಗಳನ್ನು ನೀಲವ್ವನ ಕೈಗಿತ್ತೆ. ಅವರ ಬಟ್ಟಲಲ್ಲಿ ಏನಿದೆ ಎಂದು ಇಣುಕಿಯೂ ನೋಡದೆ, ಚಾಪೆ ಹಾಸಿಕೊಂಡು ಸಂಜೆಯವರೆಗೆ ನಿದ್ದೆ ಮಾಡಿದೆ.