ದಾರಿ ಬಿಡಿಸುವ ರೊಸೆಲ್ಲಾ

ಈಗಷ್ಟೇ ಬೆಳಕು ಹರಿಯುತ್ತಿದೆ. ಪೆಲ್ಟಿಯೆ ಅವರ ಆಲೂಗಡ್ಡೆ ಗೋದಾಮು ಉರಿಯುತ್ತಿದೆ, ಪಕ್ಕದಲ್ಲೇ ಮನೆ. ಎಲ್ಲರೂ ಬೆಂಕಿಯತ್ತ ಓಡುತ್ತಿದ್ದರೆ ರೊಸೆಲ್ಲಾ ತಿಬಡೊ ಮಾತ್ರ ಬೆಂಕಿಗೆ ಬೆನ್ನು ಹಾಕಿ, ಓಣಿಯ ಬಾಯಲ್ಲಿ ನಿಂತು, ಪಿಕಪ್ ನಿಲ್ಲಿಸಿ ಇಳಿಯುತ್ತಿದ್ದ ಹುಡುಗನನ್ನು ಬೈಯುತ್ತಿದ್ದಾರೆ.

"ಏ, ಅಲ್ಯಾಕೋ ನಿಲ್ಲಿಸ್ತೀಯಾ? ನೀರಿನ ಲಾರಿ ನಿನ್ನ ತಲೆ ಮೇಲೆ ಹೋಗ್ಬೇಕಾ?"

"ಅರ್ಜೆಂಟು ಅತ್ತೆ!"

"ನಾನೇನು ಮದುವೆ ಊಟಕ್ಕೆ ಬಂದಿದೀನಾ? ಹಿಂದಕ್ಕೆ ತಗೋ!"

ನಮ್ಮ ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳದವರು ಒಬ್ಬರೂ ಇಲ್ಲ. ಬೆಂಕಿಯ ಸುದ್ದಿ ಕೊಡುವ ಪೇಜರ್ ಕೂಗಿದರೆ ಮರದ ಮಿಲ್ಲಿನವನು, ಅಂಚೆಯವನು, ಕ್ಷೌರದವನು ಎಲ್ಲರೂ ತಂತಮ್ಮ ಪಿಕಪ್ ಹತ್ತಿ ನುಗ್ಗುತ್ತಾರೆ. ಓಣಿಯ ಎರಡೂ ಬದಿ ಎದೆಮಟ್ಟ ಹಿಮ. ನದಿಯಿಂದ ನೀರು ತರುವ ಲಾರಿ ಆ ಪಿಕಪ್‌ಗಳ ಹಿಂದೆ ಸಿಕ್ಕಿಕೊಳ್ಳುತ್ತದೆ. ಮೊದಲು ಬಂದ ಅಗ್ನಿಶಾಮಕ ವಾಹನದ ನೀರು ಐದಾರು ನಿಮಿಷಕ್ಕೆ ಖಾಲಿ. ಆಮೇಲೆ ಎಂಥ ಶೂರನ ಕೈಯಲ್ಲೂ ಉಳಿಯುವುದು ಬರೀ ಪೈಪು. ಅದಕ್ಕೇ ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಇಳಿಯಬೇಕೆಂಬ ಕಟ್ಟಳೆ. ಆ ಗಾಡಿಗಳನ್ನು ಒಂದೊಂದಾಗಿ ಬದಿಗೆ ಸರಿಸುವವರು ರೊಸೆಲ್ಲಾ.

ಹಗಲು ಇವರು ಶಾಲೆಯಲ್ಲಿ ಅಡುಗೆ ಮಾಡುತ್ತಾರೆ. ದಳದಲ್ಲಿದ್ದ ಗಂಡ ತೀರಿಕೊಂಡಾಗ ಇವರು ಅವನ ಹೆಲ್ಮೆಟ್ ದಳಕ್ಕೆ ವಾಪಸ್ ಕೊಟ್ಟರು, ಪೇಜರ್ ಮಾತ್ರ ತಾವೇ ಇಟ್ಟುಕೊಂಡರು. ದಳದಲ್ಲಿ ಇವರ ಹೆಸರಿಲ್ಲ. ಟೀವಿಯವರು ಬಂದರೆ ಮುಖಕ್ಕೆ ಮಸಿ ಮೆತ್ತಿಕೊಂಡವನೇ ಬೇಕು ಅವರಿಗೆ. ಲಾರಿ ಒಳಗೆ ಬಂದದ್ದು ಹೇಗೆ ಅಂತ ಒಬ್ಬನಾದರೂ ಕೇಳಿದ್ದಾನಾ?

ಪೆಲ್ಟಿಯೆ ಓಣಿಯಲ್ಲಿ ಈಗ ಒಂದೇ ಗಾಡಿ ಉಳಿದಿದೆ. ಬಾಗಿಲು ಭದ್ರ, ಕೀಲಿ ಇಲ್ಲ. ಆ ಕಟ್ಟಳೆ ಮಾಡಿದ ದಳದ ಚೀಫ್ ನಾರ್ಮನ್ ಸಿಯರ್‌ದೇ ಗಾಡಿ. ಆತ ಹೊಗೆಯೊಳಗೆ. ಹಿಂದೆ ನೀರಿನ ಲಾರಿಯ ಲೂಸಿಯನ್ ಹಾರ್ನ್ ಒತ್ತುತ್ತಿದ್ದಾನೆ.

"ನೂಕು ಲೂಸಿಯನ್. ಚರಂಡಿಗೆ ನೂಕು."

"ಚೀಫ್‌ದು ಮಾರಾಯ್ತಿ!"

"ಗವರ್ನರ್‌ದಾಗಿದ್ರೆ ಕೇಳಿ ಬರ್ತಿದ್ಯಾ? ನೂಕೋ!"

ಲಾರಿ ನೂಕುತ್ತದೆ. ಗೋದಾಮು ಹೋಯಿತು, ಮನೆ ಉಳಿಯಿತು. ನಾರ್ಮನ್‌ನ ಹೊಸ ಪಿಕಪ್ಪಿನ ಒಂದು ಮಗ್ಗುಲು ನಜ್ಜುಗುಜ್ಜು.

ಅವತ್ತಿನಿಂದ ಊರಿಗೆ ಊರೇ ಗೊಂದಲದಲ್ಲಿದೆ. ಪೆಲ್ಟಿಯೆ ಹೆಂಡತಿ ರೊಸೆಲ್ಲಾರನ್ನು ಅಪ್ಪಿಕೊಂಡು ಅತ್ತಳು. ದಳದ ಕೆಲವರು, "ಇವಳಿಗೆ ಅಧಿಕಾರ ಕೊಟ್ಟೋರ್ಯಾರು? ಯಾರಿಗಾದ್ರೂ ಏಟಾಗಿದ್ರೆ?" ಅನ್ನುತ್ತಿದ್ದಾರೆ. ಇವರ ವಿಷಯ ತೀರ್ಮಾನ ಆಗುವವರೆಗೆ ಬೆಂಕಿಯ ಜಾಗಕ್ಕೆ ಬರಬೇಡ ಎಂದಿದ್ದಾನೆ ನಾರ್ಮನ್. ತಪ್ಪು ಮಾಡಿದವನೇ ತೀರ್ಪು ಕೊಡುವುದು! ಇದೆಂಥ ನ್ಯಾಯ ಅಂತ ನನಗಂತೂ ತಿಳಿಯುವುದಿಲ್ಲ, ಮೈ ಉರಿಯುತ್ತದೆ.

ರೊಸೆಲ್ಲಾರಿಗೆ ಸಿಟ್ಟಿಲ್ಲ, ಗಲಿಬಿಲಿ ಮಾತ್ರ. "ಬರ್ಬೇಡ ಅಂದ, ಪೇಜರ್ ಕೊಡು ಅನ್ಲಿಲ್ಲ. ಅಂದ್ರೇನರ್ಥ? ಕೂಗಿದ್ರೆ ಕೇಳಿಸ್ಕೊಂಡು ಮನೇಲಿ ಕೂತಿರ್ಬೇಕಾ? ನನ್ಕೈಲಿ ಆಗಲ್ಲಪ್ಪ. ಒಂದ್ಸಲ ಅನ್ಸುತ್ತೆ, ಗಾಜು ಒಡೆದು, ಗೇರ್ ಬಿಡಿಸಿ ಮೆಲ್ಲಗೆ ತಳ್ಬಹುದಿತ್ತಾ ಅಂತ. ಇನ್ನೊಂದ್ಸಲ, ಅಷ್ಟು ಹೊತ್ತೆಲ್ಲಿತ್ತು ಅಂತ."

ಕಳೆದ ಶನಿವಾರ ಮಿಶೋ ಮನೆಯ ಹೊಗೆಗೂಡಿಗೆ ಬೆಂಕಿ ಹತ್ತಿತು. ಪೇಜರ್ ಕೂಗಿತು. ರೊಸೆಲ್ಲಾ ಅಂಗಳದಲ್ಲಿ ಎಂಜಿನ್ ಶುರುಮಾಡಿದರು, ಆರಿಸಿದರು, ಮತ್ತೆ ಶುರುಮಾಡಿದರು. ಹೋಗಿ ಓಣಿಯ ಬಾಯಲ್ಲಿ ನಿಂತರು. ದಳದ ಹುಡುಗರು ಕಣ್ಣು ತಪ್ಪಿಸಿದರು.

ಹೆಂಡತಿಯ ಪುಟ್ಟ ಕಾರಿನಲ್ಲಿ ನಾರ್ಮನ್ ಬಂದ. ಗಾಜು ಇಳಿಸಿದ. ಬೈಯುತ್ತಾನೆ ಅಂದುಕೊಂಡೆವು. ಆತ ಎದುರಿನ ಓಣಿ ನೋಡಿದ, ರೊಸೆಲ್ಲಾರನ್ನು ನೋಡಿದ.

"ಎಲ್ಲಿ ನಿಲ್ಲಿಸ್ಲಿ?"

"ಆ ಬೇಲಿ ಆಚೆ."

ಬೇಲಿಯ ಆಚೆ ನಿಲ್ಲಿಸಿ, ಹಿಮದಲ್ಲಿ ಏದುಸಿರು ಬಿಡುತ್ತ ನಡೆದೇ ಹೋದ. ತೀರ್ಮಾನ ಇನ್ನೂ ಹೊರಬಿದ್ದಿಲ್ಲ. ಹಾಗಾದರೆ ಇದು ಒಪ್ಪಿಗೆಯಾ ಎಂದು ರೊಸೆಲ್ಲಾರನ್ನು ಕೇಳಿದೆ.

"ಯಾರಿಗ್ಗೊತ್ತು? ಕೇಳಿ ನಿಲ್ಲಿಸ್ದ. ಲಾರಿ ಸಲೀಸಾಗಿ ಒಳಗೆ ಹೋಯ್ತು, ನೋಡಿದ್ಯಲ್ಲ?"